ಕರೆಂಟ್ ಬಂದಾಗ ನಿಂತುಹೋಗುತ್ತಿದ್ದ ಪೆಟ್ಟಿಗೆ

೨೦೦೫ರಲ್ಲಿ ನಾನು ಜೆ.ಪಿ. ನಗರದ ಸಣ್ಣ ಕಂಪನಿಯೊಂದರಲ್ಲಿ ಟೀಮ್ ಲೀಡ್ ಆಗಿದ್ದೆ. ಬ್ಯಾಂಕ್ ಶಾಖೆಗಳಿಂದ ಹೊರಡುವ ಮಾಹಿತಿಯನ್ನು ಗುಪ್ತಲಿಪಿಗೆ ತಿರುಗಿಸಿ ಕಳಿಸುವ ಪೆಟ್ಟಿಗೆ ನಮ್ಮ ಸರಕು. ಅದರ ಕೋಡ್ ಇರುತ್ತಿದ್ದುದು ಕರ್ನೆಲ್‌ನಲ್ಲಿ, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿನಲ್ಲಿ. ಅಲ್ಲಿ ತಪ್ಪಾದರೆ ಇಡೀ ಯಂತ್ರವೇ ಕಲ್ಲಾಗಿ ಕೂರುತ್ತದೆ.

ಆ ಬೇಸಿಗೆಯಲ್ಲಿ ಹಾಗೇ ಆಯಿತು. ಹೊಸದಾಗಿ ಪೆಟ್ಟಿಗೆ ಹಾಕಿದ್ದ ಜಯನಗರದ ಶಾಖೆಯಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಅದು ನಿಂತುಹೋಗುತ್ತಿತ್ತು. ನಮ್ಮ ಲ್ಯಾಬಿನಲ್ಲಿ ಮಾತ್ರ ಏನೂ ಗೊತ್ತಿಲ್ಲದ ಸಾಧು ಹಸು. ಕೊನೆಯದಾಗಿ ಆ ಕೋಡ್ ಮುಟ್ಟಿದ್ದವನು ಬಸವರಾಜ. ಧಾರವಾಡದ ಕಡೆಯವನು, ಬಿಟಿಎಂನಲ್ಲಿ ಬಾಡಿಗೆ ರೂಮು, ಆಗಷ್ಟೇ ರಾಜೀನಾಮೆ ಕೊಟ್ಟಿದ್ದ. ಮ್ಯಾನೇಜರ್ ಶ್ರೀಧರ್‌ಗೆ ಅಷ್ಟೇ ಸಾಕಾಯಿತು.

"ಹೋಗೋ ಮುಂಚೆ ಕೋಡಲ್ಲಿ ಏನೋ ಇಟ್ಟಿದ್ದಾನೆ ಗುರು. ರಿಲೀವಿಂಗ್ ಲೆಟರ್ ಕೊಡಲ್ಲ ನಾನು," ಅಂದರು. ಅದಿಲ್ಲದೆ ಅವನ ಹೊಸ ಕೆಲಸ ದಕ್ಕುವಂತಿರಲಿಲ್ಲ. ದ್ರೋಹಿಯೆಂಬ ಹೆಸರು ಬೇರೆ.

ನನಗೂ ಅನುಮಾನವಿತ್ತು. ಬಸವರಾಜ ಮೊಬೈಲ್ ಹಿಡಿದು ಹೊರಗೆ ಹೋದರೆ ನನ್ನ ಕಣ್ಣೂ ಹಿಂದೆಯೇ ಹೋಗುತ್ತಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಆದರೆ ನನ್ನ ಅನುಮಾನಕ್ಕೆ ಪಕ್ಷಪಾತವಿಲ್ಲ. ಶ್ರೀಧರ್ ಅವರ ಆತುರದ ಮೇಲೂ ಬಂತು. ಬೇಕೆಂದೇ ಇಟ್ಟದ್ದಾದರೆ ಲ್ಯಾಬಿನಲ್ಲೂ ಕೆಡಬೇಕಿತ್ತಲ್ಲ? ಶಾಖೆಗೇ ಹೋಗಿ ಕೂತೆ.

ಮಧ್ಯಾಹ್ನ ಕರೆಂಟ್ ಹೋಯಿತು, ಬಂತು, ಪೆಟ್ಟಿಗೆ ನಿಂತಿತು. ಬೇರೆ ಶಾಖೆಗಳಂತೆ ಇಲ್ಲಿ ಅದು ಯುಪಿಎಸ್ ಮೇಲಿರಲಿಲ್ಲ, ನೆಟ್‌ವರ್ಕ್ ಕೇಬಲ್ ಮಾತ್ರ ಚುಚ್ಚಿಯೇ ಇತ್ತು. ಯುಪಿಎಸ್ ಮೇಲಿದ್ದ ಕಂಪ್ಯೂಟರುಗಳು ಎಡೆಬಿಡದೆ ಪ್ಯಾಕೆಟ್, ಅಂದರೆ ಮಾಹಿತಿಯ ತುಣುಕು, ಕಳಿಸುತ್ತಿದ್ದವು. ನಮ್ಮ ಲ್ಯಾಬಿನ ರೂಢಿಯೇ ಬೇರೆ. ಮನೆಯಲ್ಲಿ ಫ್ರಿಜ್ಜಿಗೆ ಮಾಡುವ ಹಾಗೆ, ವೋಲ್ಟೇಜಿಗೆ ಹೆದರಿ, ಕರೆಂಟ್ ಬಂದ ಮೇಲೆ ತಡೆದು ತಡೆದು ಒಂದೊಂದೇ ಹಾಕುತ್ತಿದ್ದೆವು. ಕೇಬಲ್ ಎಲ್ಲಕ್ಕಿಂತ ಕೊನೆಗೆ.

ವಾಪಸು ಬಂದು ಕೋಡ್ ತೆರೆದೆ. ಒಂದೇ ಮಾಹಿತಿಯನ್ನು ಇಬ್ಬರು ಒಟ್ಟಿಗೆ ತಿದ್ದದಂತೆ ಕಾಯುವುದು ಲಾಕ್. ನಮ್ಮ ಕೋಡ್ ಮೊದಲು ನೆಟ್‌ವರ್ಕಿಗೆ ಬಾಗಿಲು ತೆರೆದು, ಆಮೇಲೆ ಲಾಕನ್ನು ಸಿದ್ಧಮಾಡುತ್ತಿತ್ತು. ನಡುವೆ ನುಗ್ಗಿದ ಪ್ಯಾಕೆಟ್, ಸಿದ್ಧವಾಗದ ಲಾಕನ್ನು ನೋಡಿ, ಒಳಗೆ ಯಾರೋ ಇದ್ದಾರೆಂದು ತಿಳಿದು ಕಾಯುತ್ತ ನಿಂತುಬಿಡುತ್ತಿತ್ತು. ಒಳಗೆ ಯಾರೂ ಇರಲಿಲ್ಲ. ಬಸವರಾಜ ಸೇರುವ ಮೊದಲೇ ಹಾಗೆ ಬರೆದಿತ್ತು. ಸಾಲುಗಳನ್ನು ಅದಲುಬದಲು ಮಾಡಿದೆ, ತೊಂದರೆ ಹೋಯಿತು.

ಶ್ರೀಧರ್ ಲೆಟರ್‌ಗೆ ಸಹಿ ಹಾಕಿದರು. ನಾನೇ ಅದನ್ನು ಬಸವರಾಜನಿಗೆ ಕೊಟ್ಟೆ.

"ನೀನಲ್ಲ ಅಂತ ಗೊತ್ತಾಯ್ತಪ್ಪ. ಈಗ ನಿನ್ನ ನಂಬ್ತೀವಿ."

ಅವನು ಲೆಟರ್ ಮಡಚಿ ಜೇಬಿಗಿಟ್ಟ. "ಗೊತ್ತಾದ ಮ್ಯಾಲ ನಂಬೂದೇನ್ ದೊಡ್ಡದ್ರೀ ಸರ್? ಯಾರ್ ಬೇಕಾದ್ರೂ ನಂಬ್ತಾರ."

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅನುಮಾನವಿಲ್ಲದೆ ನಮ್ಮ ಕಸುಬು ನಡೆಯುವುದಿಲ್ಲ, ನಿಜ. ಆದರೆ ಮನುಷ್ಯರ ವಿಷಯದಲ್ಲಿ ನಂಬಿಕೆ ಮೊದಲು, ಪರೀಕ್ಷೆ ಆಮೇಲೆ. ಆ ಕ್ರಮ ಒಮ್ಮೆ ತಪ್ಪಿದರೆ, ಮತ್ತೆ ತಿದ್ದಲು ಬರುವುದಿಲ್ಲ.