ಜುಲೈಯಲ್ಲಿ ಅಳೆದ ಬಣ್ಣ

ಟೀಚರ ಬಲಗೈ ಹೆಬ್ಬೆರಳಿನ ಉಗುರು ಬಿಸಿಲಿಗೆ ಬಂದರೆ ನೀಲಿಯಾಗುತ್ತಿತ್ತು. ಸ್ಟಾಫ್ ರೂಮಿನ ನೆರಳಿಗೆ ಬಂದು ಚಹಾ ಮುಗಿಸುವಷ್ಟರಲ್ಲಿ ಮತ್ತೆ ಎಲ್ಲರ ಉಗುರಿನಂತಾಗುತ್ತಿತ್ತು. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಇದೊಂದು ಪವಾಡ. ಅವರಿಗೆ ಅದು ಕೈಗವಸು ಹಾಕದೆ ಕೆಲಸ ಮಾಡಿದ್ದರ ಕುರುಹು, ಅಷ್ಟೆ.

ಕರಾವಳಿಯ ಬ್ಯಾರಿ ಮುಸ್ಲಿಂ ಮನೆತನದ ಅವರು ನಮ್ಮ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಬಿಡುವಿದ್ದಾಗ ಡಾಕ್ಟರೇಟಿಗಾಗಿ ಒಂದು ಜಾತಿಯ ವರ್ಣದ್ರವ್ಯಗಳ ಬೆನ್ನು ಹತ್ತಿದ್ದರು. ಬೆಳಕು ಬಿದ್ದರೆ ಬಣ್ಣ ಬರುತ್ತದೆ, ಕತ್ತಲಲ್ಲಿಟ್ಟರೆ ಬಿಡುತ್ತದೆ. ಟೊಲ್ವೀನ್ ಎಂಬ ದ್ರಾವಕದಲ್ಲಿ ಕರಗಿಸಿದರೆ ನೀಲಿ, ಬೇಗ ಮಾಯ. ಆಲ್ಕೋಹಾಲಿನಲ್ಲಿ ಕರಗಿಸಿದರೆ ಕೆಂಪು ನೇರಳೆ, ಹೋಗು ಎಂದರೂ ಹೋಗದು. ಯಾಕೆ ಹೀಗೆ ಎಂದು ಕೇಳಿದೆ.

“ಹುಡುಗಿ ಒಬ್ಬಳೇ ಮಾಷ್ಟ್ರೇ. ಯಾವ ಮನೆಗೆ ಕೊಟ್ಟಿದ್ದಾರೆ ಅಂತ ನೋಡಬೇಕು” ಎಂದರು. ದ್ರಾವಕಗಳ ಕುರಿತು ನನ್ನ ಪಾಂಡಿತ್ಯ ಇವತ್ತಿಗೂ ಇಷ್ಟೇ.

ನೀರಿಲ್ಲದ ಶುದ್ಧ ಆಲ್ಕೋಹಾಲಿಗೆ ಅಬಕಾರಿ ಇಲಾಖೆಯ ಪರವಾನಗಿ ಬೇಕು. ಅದಕ್ಕಾಗಿ ಜಿಲ್ಲಾ ಕಚೇರಿಗಳಿರುವ ವಿದ್ಯಾನಗರದ ಬಸ್ಸು ಹತ್ತಿ ಇಳಿದು, ಇಡೀ ಸ್ಟಾಫ್ ರೂಮಿನಲ್ಲಿ ಸರ್ಕಾರದ ಮೊಹರಿನೊಂದಿಗೆ ಮದ್ಯಸಾರ ತಂದ ಏಕೈಕ ವ್ಯಕ್ತಿ ಎಂಬ ಕೀರ್ತಿಗೆ ಟೀಚರು ಪಾತ್ರರಾದರು. ಉಮ್ಮನಿಗೆ ಗೊತ್ತಾಗದಿದ್ದರೆ ಸಾಕು ಎನ್ನುತ್ತಿದ್ದರು. ಹಾಗೆ ಕಷ್ಟಪಟ್ಟು ತಂದ ಬಾಟಲಿ ವರ್ಷವಿಡೀ ಬಾಳಬೇಕು. ಒಮ್ಮೆಗೆ ಚೂರೇ ಚೂರು ಸುರಿದು, ಮುಚ್ಚಳ ಬಿಗಿದು, ತುಪ್ಪದ ಭರಣಿಯಂತೆ ಕಪಾಟಿನಲ್ಲಿಡುತ್ತಿದ್ದರು.

ಒಂದು ಮಳೆಗಾಲದಲ್ಲಿ, ಅವರೇ ತಯಾರಿಸಿದ ಹೊಸ ವರ್ಣದ್ರವ್ಯದ ಬಣ್ಣ ಆಲ್ಕೋಹಾಲಿನಲ್ಲಿ ಹಳೆಯದಕ್ಕಿಂತ ಎಷ್ಟೋ ಹೊತ್ತು ಉಳಿಯುವುದು ಕಂಡಿತು. ಪ್ರಬಂಧದ ಜೀವವೇ ಅದು. ಬರೆದು ಮುಗಿಸಿದರು. ಪರೀಕ್ಷಕರು ಮೆಚ್ಚಿದರು. ಎಲ್ಲರೆದುರು ಪ್ರಬಂಧ ಸಮರ್ಥಿಸುವುದಕ್ಕೆ ದಿನ ಗೊತ್ತಾಯಿತು. ಸ್ಟಾಫ್ ರೂಮು ಬಿರಿಯಾನಿ ಕೋಳಿಯದೋ ಆಡಿನದೋ ಎಂಬ ಗಹನ ವಿಚಾರವನ್ನು ಚರ್ಚೆಗೆ ಎತ್ತಿಕೊಂಡಿತು.

ಆ ದಿನ ತೋರಿಸಲು ಫೋಟೋ ಬೇಕೆಂದು ಟೀಚರು ಹಳೆಯ ವರ್ಣದ್ರವ್ಯವನ್ನು ಅದೇ ಬಾಟಲಿಯ ಆಲ್ಕೋಹಾಲಿನಲ್ಲಿ ಮತ್ತೊಮ್ಮೆ ಕರಗಿಸಿದರು. ಅದರ ಬಣ್ಣವೂ ಹೊಸದರಷ್ಟೇ ಹೊತ್ತು ನಿಂತಿತು. ಹಳೆಯದನ್ನು ಮೊದಲು ಅಳೆದದ್ದು ಮಾರ್ಚಿನಲ್ಲಿ, ಬಾಟಲಿಯ ಸೀಲು ಒಡೆದ ಹೊಸತರಲ್ಲಿ. ಹೊಸದನ್ನು ಅಳೆದದ್ದು ಜುಲೈಯಲ್ಲಿ. ನಡುವೆ ಮುಚ್ಚಳ ತೆಗೆದಾಗಲೆಲ್ಲ ನಮ್ಮೂರಿನ ಗಾಳಿ ತನ್ನ ನೀರನ್ನು ಉದಾರವಾಗಿ ಅದಕ್ಕೆ ದಾನ ಮಾಡಿತ್ತು. ಬೇರೆ ಕಾಲೇಜಿನಿಂದ ಒಂದಿಷ್ಟು ತಾಜಾ ಆಲ್ಕೋಹಾಲು ಬೇಡಿ ತಂದು ಎರಡನ್ನೂ ಒಟ್ಟಿಗೆ ಅಳೆದರು. ಎರಡೂ ಒಂದೇ ವೇಗದಲ್ಲಿ ಮಾಸಿದವು. ಬಣ್ಣವನ್ನು ಹಿಡಿದು ನಿಲ್ಲಿಸಿದ್ದು ಟೀಚರ ಅಣುವಲ್ಲ, ಆ ನೀರು.

ಮಾರ್ಗದರ್ಶಕರು ಫೋನಿನಲ್ಲಿ, ಈಗ ಬಾಯಿ ಮುಚ್ಚಿಕೊಂಡಿರಿ, ಪದವಿ ಬಂದ ಮೇಲೆ ತಿದ್ದಿದರಾಯಿತು ಎಂದರಂತೆ. ಪರೀಕ್ಷಕರೇ ಮೆಚ್ಚಿದ ಮೇಲೆ ನಿಮ್ಮದೇನು ತಕರಾರು ಎಂದು ನಾನೂ ಕೇಳಿದೆ.

“ಅವರು ಮೆಚ್ಚಿದ್ದು ಮಳೆಯನ್ನು ಮಾಷ್ಟ್ರೇ. ಬೇಕಾದರೆ ಮಳೆಗೇ ಡಾಕ್ಟರೇಟ್ ಕೊಡಲಿ.”

ಪ್ರಬಂಧವನ್ನು ಹಿಂದೆ ತೆಗೆದುಕೊಂಡರು. ಮೊದಲಿನಿಂದ ಶುರು ಮಾಡುತ್ತೇನೆಂದರು. ನೋಂದಣಿಯ ಅವಧಿ ತೀರಿತು. ವಿಸ್ತರಿಸಲು ಹಾಕಿದ ಅರ್ಜಿಗೆ ಉತ್ತರ ಬರಲಿಲ್ಲ. ಅಷ್ಟರಲ್ಲಿ ಕಾಯಿಲೆ ಬಂತು. ವಿಶ್ವವಿದ್ಯಾಲಯಕ್ಕೆ ಹೋಲಿಸಿದರೆ ಅದು ಬಹಳ ಚುರುಕು. ಮಂಗಳೂರಿನ ಆಸ್ಪತ್ರೆಗೆ ನೋಡಲು ಹೋದಾಗ, “ಇನ್ನೊಂದು ಬಾಟಲಿಗೆ ಅರ್ಜಿ ಹಾಕಬೇಕಿತ್ತು” ಎಂದರು. ಹಾಕುವ ಟೀಚರ್ ಎಂದೆ. ಇಬ್ಬರೂ ಅದನ್ನು ನಂಬಲಿಲ್ಲ. ಹೊಸ ವರ್ಷದ ತರಗತಿಗಳು ಶುರುವಾಗುವ ಮೊದಲೇ ಹೋದರು.

ಶ್ರದ್ಧಾಂಜಲಿ ಸಭೆಗೆ ಕಾಲೇಜಿನ ಮಕ್ಕಳು ದೊಡ್ಡ ಫ್ಲೆಕ್ಸ್ ಮಾಡಿಸಿದ್ದರು. ಹೆಸರು ಶುರುವಾಗುವಲ್ಲಿ ದಪ್ಪ ಅಕ್ಷರದಲ್ಲಿ ‘ಡಾ.’ ಎಂದಿತ್ತು. ಅದನ್ನು ತೆಗೆಸಬೇಕು ಎಂದು ಪ್ರಿನ್ಸಿಪಾಲರಲ್ಲಿ ಹೇಳಿದೆ.

“ಸತ್ತವರಿಗೆ ಒಂದು ಡಾಕ್ಟರ್ ಅಂತ ಹಾಕಿದರೆ ಯಾರದ್ದು ಎಂತ ಹೋಗುತ್ತದೆ ಮಾರಾಯ್ರೆ?” ಎಂದರು ಅವರು. ಒಳ್ಳೆಯ ಮನುಷ್ಯ, ಹೇಳುವಾಗ ಕಣ್ಣು ತುಂಬಿತ್ತು.

ನಾನು ಆಫೀಸಿನಿಂದ ಬಿಳಿ ಕಾಗದದ ಚೂರು, ಅಂಟು ತಂದು, ನನ್ನ ಪ್ರಾಯಕ್ಕೂ ಮೈಗೂ ಹೇಳಿ ಮಾಡಿಸಿದ್ದಲ್ಲದ ಸ್ಟೂಲು ಹತ್ತಿದೆ. ಟೀಚರ ಪ್ರೀತಿಯ ವಿದ್ಯಾರ್ಥಿನಿಯೊಬ್ಬಳು ಕೆಳಗೆ ನಿಂತು, ಅಳುತ್ತಲೇ ಕೇಳಿದಳು: “ಟೀಚರ್ ಮೇಲೆ ನಿಮಗೆ ಎಂತ ಕೋಪ ಸರ್?”

ಕಾಗದವನ್ನು ‘ಡಾ.’ ಮೇಲೆ ಅಂಟಿಸಿದೆ. ಅಂಟು ಹಿಡಿಯುವವರೆಗೆ ಆ ಒಂದಕ್ಷರದಷ್ಟು ಜಾಗದ ಮೇಲೆ ಅಂಗೈ ಒತ್ತಿಕೊಂಡು ನಿಂತೆ.