ಉಡಿ ತುಂಬಿದ ಬಂದೂಕು

ನನ್ನ ಸೋದರಮಾವನ ಹತ್ತಿರ ಒಂದು ಬಂದೂಕಿತ್ತು ಎಂದರೆ ಅರ್ಧ ಸುಳ್ಳಾಗುತ್ತದೆ. ಅವರದು ಅರ್ಧ ಬಂದೂಕು. ಇನ್ನರ್ಧ ಹುಕ್ಕೇರಿ ಕಡೆಯ ಅವರ ಗೆಳೆಯರದು. ಅವರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಹರೆಯದಲ್ಲಿ ಇಬ್ಬರೂ ಸೇರಿ ಒಬ್ಬ ಮುದಿ ಸಿಪಾಯಿಯಿಂದ ಅದನ್ನು ಕೊಂಡಿದ್ದರು. ಲೈಸೆನ್ಸು ಮಾವನ ಹೆಸರಿನಲ್ಲಿತ್ತು. ಆಗ ಇಂಗ್ಲಿಷರ ರಾಜ್ಯ. ಒಂದು ಬಂದೂಕಿಗೆ ಇಬ್ಬರು ಯಜಮಾನರು ಎಂದರೆ ಗೋಕಾಕದ ಕಚೇರಿಯವರು ಒಪ್ಪುವಂತಿರಲಿಲ್ಲ. ಹೀಗಾಗಿ ಚಳಿಗಾಲದಲ್ಲಿ ಅದು ಮೂಡಲಗಿ ಹತ್ತಿರ ಮಾವನ ಮನೆಯಲ್ಲಿ, ಬೇಸಿಗೆ ಮತ್ತು ಮಳೆಗಾಲದಲ್ಲಿ ಹುಕ್ಕೇರಿಯಲ್ಲಿ, ಎರಡು ತವರಿನ ಮಗಳಂತೆ ಗುಟ್ಟಾಗಿ ಓಡಾಡಿಕೊಂಡಿತ್ತು.

ಅವರಿಬ್ಬರೂ ಅದನ್ನು ಬಂದೂಕು ಎಂದು ಕರೆದದ್ದು ನಾನು ಕೇಳಿಲ್ಲ. ‘ಮುದುಕಿ’ ಎನ್ನುತ್ತಿದ್ದರು. ಆಳುದ್ದದ ನಳಿಗೆ. ಬಾಯಿಂದ ಮದ್ದು ಸುರಿದು, ಅರಿವೆ ತುರುಕಿ, ಚರಿ ಎನ್ನುವ ಸೀಸದ ಕಾಳು ಹಾಕಿ, ಮತ್ತೆ ಅರಿವೆ ತುರುಕಿ, ಗಜ ಎನ್ನುವ ಉದ್ದನೆಯ ಕೋಲಿನಿಂದ ಜಡಿದು ತುಂಬಬೇಕು. ಹಿಡಿಕೆಯ ಮರ ಸೀಳಿದ್ದಕ್ಕೆ ಹಿತ್ತಾಳೆ ತಂತಿ ಸುತ್ತಿದ್ದರು. ಮಲಗಿಸಲು ಅದರದೇ ಅಳತೆಯ ಕೌದಿ ಇತ್ತು. ಅತ್ತೆ ಅದನ್ನು ಹೊಲಿದು ಕೊಡುವಾಗ, “ನನ್ನ ಮಕ್ಕಳಿಗೆ ಹಳೇ ಕೌದಿ, ಇಕಿಗೆ ಹೊಸಾದು” ಎಂದು ಗೊಣಗಿದ್ದರಂತೆ.

ಅದಕ್ಕೆ ಇನ್ನೊಂದು ಮರ್ಯಾದೆಯೂ ಇತ್ತು. ನಮ್ಮ ಕಡೆ ಮಗಳು ಮನೆಯಿಂದ ಹೊರಟರೆ ಬರಿ ಉಡಿಯಲ್ಲಿ ಕಳಿಸುವುದಿಲ್ಲ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಹಾಕಿ ಉಡಿ ತುಂಬುತ್ತಾರೆ. ಈ ಇಬ್ಬರು ಗೆಳೆಯರು ಮುದುಕಿಯನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಕಳಿಸುವಾಗ ಅವಳ ಉಡಿಯನ್ನೂ ತುಂಬುತ್ತಿದ್ದರು. ಅಕ್ಕಿಯಿಂದಲ್ಲ, ಮದ್ದು ಮತ್ತು ಚರಿಯಿಂದ. ಮಾವನ ಮನೆಯಲ್ಲಿ ತುರುಕುವುದು ಅತ್ತೆಯ ಹಳೆಯ ಇಳಕಲ್ ಸೀರೆಯ ಕೆಂಪು ಸೆರಗಿನ ಚೂರು. ಹುಕ್ಕೇರಿಯಲ್ಲಿ ಕಾಕಾನ ಹೆಂಡತಿ ಕಾಕಿಯ ಕುಬಸದ ಹಸಿರು ಖಣದ ಚೂರು. ಹೀಗೆ ತುಂಬಿದ್ದನ್ನು ಹಾರಿಸಿಯೇ ಖಾಲಿ ಮಾಡಬೇಕು, ಹೊರಗೆ ತೆಗೆಯಬಾರದು. ಬಾಯೊಳಗೆ ಗಜ ಇಳಿಸಿ ತುಂಬಿದೆಯೋ ಇಲ್ಲವೋ ಎಂದು ನೋಡುವುದೂ ಅವಮಾನ. ತುಂಬಿದೆ ಎಂದು ತಂದವರು ಬಾಯಿಬಿಟ್ಟು ಹೇಳಬೇಕು, ಹೇಳದಿದ್ದರೆ ಖಾಲಿ ಎಂದೇ ಲೆಕ್ಕ.

ಆ ವರ್ಷ ನಾನು ಬೆಳಗಾವಿಯಲ್ಲಿ ಇಂಟರ್ ಸೈನ್ಸ್ ಓದುತ್ತಿದ್ದೆ. ದೀಪಾವಳಿಯ ರಜೆಯಲ್ಲಿ ಮಾವನ ಮನೆಗೆ ಹೋಗುವ ದಾರಿಯಲ್ಲಿ ಹುಕ್ಕೇರಿಗೆ ಹೋಗಿ ಮುದುಕಿಯನ್ನು ಕರೆದುಕೊಂಡು ಬರಬೇಕೆಂದು ಅಪ್ಪಣೆಯಾಗಿತ್ತು. ಕಾಕಾ ನನ್ನ ಕಣ್ಣೆದುರಿಗೇ ಉಡಿ ತುಂಬಿದರು. ಕಾಕಿ ಹಿಡಿಕೆಗೆ ಕುಂಕುಮ ಹಚ್ಚಿದರು. ಹೊರಡುವಾಗ ಕಾಕಾ ನನ್ನ ಭುಜ ಹಿಡಿದು ಹೇಳಿದರು:

“ಉಡಿ ತುಂಬಿ ಕಳಿಸೀನಿ ಅಂತ ಹೇಳು. ಮರೀಬ್ಯಾಡ ಮತ್ತ.”

“ಹೇಳ್ತೀನಿ ಬಿಡ್ರಿ ಕಾಕಾ.”

“ಹಂಗ ಅಲ್ಲ. ಮೊದಲ ಅದನ್ನ ಹೇಳು, ಆಮ್ಯಾಲ ನೀರ ಕುಡಿ.”

ಗೋಕಾಕದಲ್ಲಿ ಮೋಟಾರು ಬದಲಿಸಬೇಕಿತ್ತು. ಕೌದಿಯಲ್ಲಿ ಸುತ್ತಿದ್ದ ಬಂದೂಕನ್ನು ಕಂಡಕ್ಟರ್ “ಏನಿದು?” ಎಂದು ಕೇಳಿದ. ಭಜನೆಯ ಏಕತಾರಿ ಎಂದೆ. “ಹಂಗಾರ ಒಂದ ಪದಾ ಹಾಡ್ರಿ” ಎಂದು ಹಿಂದಿನ ಸೀಟಿನ ಅಜ್ಜ ಗಂಟು ಬಿದ್ದ. ಗಂಟಲು ಕೆಟ್ಟಿದೆ ಎಂದು ತಪ್ಪಿಸಿಕೊಂಡೆ. ಅಜ್ಜ ಸ್ವಲ್ಪ ಹೊತ್ತಿಗೆ ತೂಕಡಿಸುತ್ತ ನಳಿಗೆಯ ಬಾಯಿಗೇ ಕಿವಿ ಆನಿಸಿ ನಿದ್ದೆ ಹೋದ. ಟೋಪಿ, ಅಂದರೆ ಕಿಡಿ ಹೊತ್ತಿಸುವ ಸಣ್ಣ ತಾಮ್ರದ ಬಿಲ್ಲೆ, ಇಟ್ಟಿರಲಿಲ್ಲ, ಹಾರುವಂತಿರಲಿಲ್ಲ. ಆಗ ನನಗೆ ನಗು ಬಂದಿತ್ತು. ಒಳಗೆ ಎಷ್ಟು ತುಂಬಿತ್ತೆಂದು ತಿಳಿದ ಮೇಲೆ ಆ ಅಜ್ಜನ ಕಿವಿ ನನ್ನ ಕನಸಿನಲ್ಲಿ ಬರತೊಡಗಿತು.

ಮನೆ ಮುಟ್ಟಿದಾಗ ಮಾವ ಬಾಗಿಲಲ್ಲೇ ನಿಂತಿದ್ದರು. ನನ್ನನ್ನು ನೋಡಲಿಲ್ಲ, ಕೌದಿ ಬಿಚ್ಚಿ ಮುದುಕಿಯನ್ನು ನೋಡಿದರು. “ಸೊರಗ್ಯಾಳಲ್ಲೋ! ಏನ್ ಹೇಳಿ ಕಳಿಸ್ಯಾನ ಅಂವಾ?” ಎಂದರು. ಪಕ್ಕದ ಮನೆಯವರು ಕಟ್ಟೆಯ ಮೇಲೆ ಕೂತಿದ್ದರು. ಒತ್ತಡ, ಉಷ್ಣ, ಅನಿಲಗಳ ನಿಯಮ ಓದುವ ನಾನು ನಾಲ್ಕು ಜನರ ಮುಂದೆ ಬಂದೂಕಿನ ಉಡಿಯ ವಿಷಯ ಹೇಳುವುದೇ? ನಾಚಿಕೆಯಾಯಿತು. “ಆರಾಮ ಅದಾರ, ನಮಸ್ಕಾರ ಹೇಳ್ಯಾರ” ಎಂದು ಒಳಗೆ ಹೋಗಿ ನೀರು ಕುಡಿದೆ. ಅವಮಾನ ಎಂದರೂ ತುಂಬುವವರು ಒಮ್ಮೆ ನೋಡಿಯೇ ತುಂಬುತ್ತಾರೆ ಎಂದುಕೊಂಡೆ.

ಅಷ್ಟಕ್ಕೇ ಸುಮ್ಮನಿದ್ದರೂ ಆಗುತ್ತಿತ್ತು. ಊಟಕ್ಕೆ ಕೂತಾಗ ಮಾವ ಹಿಂದಿನ ಚಳಿಗಾಲದ ಬೇಟೆಯ ಕತೆ ತೆಗೆದರು. ಆಕಳ ಕರುವಿನಷ್ಟು ದೊಡ್ಡ ಹಂದಿ, ಒಂದೇ ಏಟು, ಹಂದಿ ರಕ್ತ ಸುರಿಸುತ್ತ ಓಡಿ ಘಟಪ್ರಭೆಯ ಮಡುವಿಗೆ ಬಿತ್ತು. ಕಾಕಾ ಕೂಡ ಮಳೆಗಾಲದಲ್ಲಿ ಕಾರ್ಡು ಬರೆದಿದ್ದರು: ಮೂರು ಹಂದಿ ಹೊಡೆದೆ, ಮೂರೂ ಹೊಳೆಪಾಲು.

“ಮಾಮಾ, ನಿಮ್ಮಿಬ್ಬರ ಹಂದಿಗೋಳು ಎಲ್ಲಾ ಹೊಳಿಗೇ ಯಾಕ ಹೋಗ್ತಾವ್ರಿ? ಒಂದರೆ ಮನಿ ಕಡೆ ಬರಬಾರದ?” ಎಂದೆ.

ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕರು. ಮಾವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

“ನಾಳೆ ಬೆಳಗಾಗೂದ್ರಾಗ ಎದ್ದು ಬಾ ನನ್ನ ಸಂಗಾಟ. ಹೊಳಿಗೆ ಹೋಗೂದು ಹಂದಿಯೋ ನೀನೋ ನೋಡೂನು.”

ಮರುದಿನ ಮಂಜು ಹರಿಯುವ ಹೊತ್ತಿಗೆ ಕಬ್ಬಿನ ಹೊಲದ ಅಂಚಿನಲ್ಲಿ ಒಂದು ಬೇವಿನ ಗಿಡದ ಕೆಳಗೆ ಕೂತಿದ್ದೆವು. ಕಬ್ಬು ಮುರಿಯುವ ಸದ್ದು ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಹಂದಿ ಬದುವಿನ ಮೇಲೆ ಬಂತು. ಕರುವಿನಷ್ಟೇನೂ ದೊಡ್ಡದಲ್ಲ, ಆದರೆ ಕೋರೆ ಇತ್ತು. ಮಾವ ಟೋಪಿ ಇಟ್ಟು, ಅದರ ಮೇಲೆ ಬಡಿಯುವ ಕುದುರೆಯನ್ನು ಎಳೆದು, ಹಿಡಿಕೆಯನ್ನು ಕೆನ್ನೆಗೆ ಆನಿಸಿದರು. ನನ್ನ ಕಡೆ ವಾರೆಗಣ್ಣು ಮಾಡಿ ಪಿಸುಗುಟ್ಟಿದರು:

“ಎದ್ದ ಕೂಡ್ಲೆ ಕೈಯಾರೆ ಉಣಿಸೀನಿ ಇಕಿಗೆ. ಈಗ ನೋಡು.”

“ಏನ್ ಉಣಿಸೀರಿ?”

“ಮದ್ದು, ಚರಿ. ಮತ್ತೇನ್ ಹೋಳಿಗಿ ಉಣಿಸ್ಲೇನು?”

“ಮಾಮಾ, ತಡೀರಿ. ಕಾಕಾ ಉಡಿ ತುಂಬೇ ಕಳಿಸ್ಯಾರ್ರೀ!”

“ಯಾವಾಗ?”

“ನಿನ್ನೆ! ನನ್ನ ಕಣ್ಮುಂದ!”

“ಮತ್ತ ಹೇಳಬಾರದೇನಲೇ, ಶಾಣ್ಯಾ!”

ಇದನ್ನು ಅವರು ಪಿಸುಗುಟ್ಟಲಿಲ್ಲ. ಹಂದಿ ತಲೆಯೆತ್ತಿತು. ಅದು ಓಡಿಹೋಗಬಹುದಿತ್ತು. ಆದರೆ ಅದಕ್ಕೂ ಏನೋ ಮಾನದ ಪ್ರಶ್ನೆ ಇದ್ದಂತೆ ನೇರ ನಮ್ಮ ಕಡೆ ನುಗ್ಗಿತು.

ಮಾವ ಬೇವಿನ ಗಿಡ ಹತ್ತಿದರು. ಅರವತ್ತು ದಾಟಿದವರು ಹಾಗೆ ಹತ್ತಿದ್ದನ್ನು ನಾನು ಮುಂದೆ ನೋಡಿಲ್ಲ. ಒಂದು ಕೈಯಲ್ಲಿ ಟೊಂಗೆ, ಇನ್ನೊಂದು ತೋಳಿನಲ್ಲಿ ಮಗುವಿನಂತೆ ಅಪ್ಪಿಕೊಂಡ ಮುದುಕಿ. ಕುದುರೆ ಎಳೆದದ್ದು ಎಳೆದಂತೆಯೇ ಇತ್ತು. ನಾನು ಅವರ ಕೆಳಗೆ ಹತ್ತುತ್ತಿದ್ದೆ. ತಲೆಯೆತ್ತಿದಾಗ ಕಂಡದ್ದು ನಳಿಗೆಯ ಬಾಯಿ, ನನ್ನ ಹಣೆಗೆ ಒಂದು ಗೇಣು ದೂರದಲ್ಲಿ.

“ಬಿಸಾಕ್ರಿ ಮಾಮಾ ಅದನ್ನ!”

“ನಿಮ್ಮವ್ವನ್ನ ಬಿಸಾಕ್ತೀಯೇನಲೇ?”

ನಮ್ಮವ್ವ ಅವರ ಒಡಹುಟ್ಟಿದ ತಂಗಿ ಎನ್ನುವುದು ಅವರಿಗೆ ಆಗ ನೆನಪಿದ್ದಂತೆ ಕಾಣಲಿಲ್ಲ.

“ಅತ್ತಾಗರೆ ತಿರಗಸ್ರಿ!”

“ತಿರಗಿಸಿದ್ರ ಟೊಂಗಿಗಿ ಬಡದು ಪೆಟ್ಟಾಗ್ತೈತಿ!”

ಪೆಟ್ಟಾಗುವುದು ಬಂದೂಕಿಗೆ. ನನ್ನ ಹಣೆಯ ಲೆಕ್ಕ ಯಾರೂ ಮಾಡಲಿಲ್ಲ. ಕೆಳಗೆ ಹಂದಿ ಬೇರು ಕೆದರುತ್ತಿತ್ತು. ಮೇಲೆ ಮಾವನ ಹೆಬ್ಬೆರಳು ಕುದುರೆಯನ್ನು ಕೂದಲೆಳೆಯಷ್ಟೇ ಕೂದಲೆಳೆಯಷ್ಟೇ ಇಳಿಸುತ್ತಿತ್ತು. ಈ ಒಂದು ಗಳಿಗೆಯನ್ನು ನಾನು ಎಷ್ಟು ಸಲ ಮತ್ತೆ ಬದುಕಿದ್ದೇನೋ. ಕೆಲವು ಸಲ ಬೆರಳು ಜಾರುತ್ತದೆ. ಎಚ್ಚರವಾಗಿ ಕೂತು ಹಣೆ ಮುಟ್ಟಿ ನೋಡಿಕೊಳ್ಳುತ್ತೇನೆ. ಆ ದಿನ ಜಾರಲಿಲ್ಲ. ಮಾವ ಟೋಪಿ ತೆಗೆದು ಬಾಯಲ್ಲಿ ಕಚ್ಚಿಕೊಂಡರು. ಹಂದಿಗೂ ಬೇಸರ ಬಂದು ಕಬ್ಬಿನೊಳಗೆ ಹೋಯಿತು, ಹೊಳೆಯ ಕಡೆಗಲ್ಲ.

ಮನೆಗೆ ಬಂದು ವಿಷಯ ತಿಳಿಸಿದಾಗ ಅತ್ತೆ ಮಾವನ ಕೈಗಳನ್ನು ಹಿಡಿದು ಬೆರಳು ಎಣಿಸಿ ನೋಡಿದರು. ಆಮೇಲೆ ಬೈದರು. ಎರಡು ಉಡಿಯ ಮದ್ದನ್ನು ಹಾಗೇ ಹಾರಿಸಿದರೆ ನಳಿಗೆ ಸೀಳಿ ಹಾರಿಸಿದವರ ಮುಖವೇ ಹೋಗುತ್ತದೆ. ಮರಕ್ಕೆ ಕಟ್ಟಿ ದೂರದಿಂದ ಹಗ್ಗ ಎಳೆಯೋಣ ಎಂದೆ. ಕಳ್ಳರನ್ನು ಕಟ್ಟಿದ ಹಾಗೆ ಮುದುಕಿಯನ್ನು ಕಟ್ಟುವುದೇ? ಮಾವ ಒಪ್ಪಲಿಲ್ಲ. ಹಾಗಾದರೆ ನಳಿಗೆಯೊಳಗೆ ನೀರು ಸುರಿದು ಮದ್ದು ಕೆಡಿಸಿ, ಗಜದ ತುದಿಗೆ ತಿರುಪು ಕಟ್ಟಿ ಎಲ್ಲ ಹೊರಗೆ ಎಳೆಯಬೇಕು ಎಂದೆ. ಕಾಲೇಜಿನ ವಿದ್ಯೆ ಕೊನೆಗೂ ಒಂದು ಉಪಯೋಗಕ್ಕೆ ಬಂತು.

“ಇಂಥಾ ಚಳಿಯಾಗ ತಣ್ಣೀರ ಹಾಕ್ತೀಯಾ? ಕಾಸಿ ಹಾಕು” ಎಂದರು ಮಾವ.

“ನನಗ ಜ್ವರಾ ಬಂದಾಗ ಒಂದ ತಂಬಗಿ ಕಾಸಿ ಕೊಟ್ಟಿದ್ದಿಲ್ಲ ಇವರು” ಎನ್ನುತ್ತ ಅತ್ತೆ ಹಂಡೆಗೆ ಉರಿ ಹಾಕಿದರು.

ಬಚ್ಚಲಿನಲ್ಲಿ ಮುದುಕಿಗೆ ಬಿಸಿನೀರು ಹಾಕಿ, ಮಧ್ಯಾಹ್ನ ಅಂಗಳದಲ್ಲಿ ಕೂತು ಎಳೆಯತೊಡಗಿದೆವು. ಮೊದಲು ಬಂದದ್ದು ಕೆಂಪು ಚೂರು, ಚರಿ, ಮತ್ತೊಂದು ಕೆಂಪು ಚೂರು, ಕಪ್ಪು ರಾಡಿ. ಬೆಳಗಿನದು. ಆಮೇಲೆ ಹಸಿರು ಚೂರು, ಚರಿ, ರಾಡಿ. ಕಾಕಾ ತುಂಬಿದ್ದು. ಮುಗಿಯಿತು ಎಂದು ಗಜ ಇಳಿಸಿದರೆ ಅದು ತಳ ಮುಟ್ಟಲಿಲ್ಲ. ತಿರುಗಿಸಿ ಎಳೆದರೆ ಬಣ್ಣಗೆಟ್ಟ ಕೆಂಪು ಚೂರು ಬಂತು.

ಮಾವ ಅದನ್ನು ಬೆಳಕಿಗೆ ಹಿಡಿದು ನೋಡಿದರು. “ಇದು ಬ್ಯಾಸಗ್ಯಾಗ ನಾ ತುಂಬಿ ಕಳಿಸಿದ್ದು!” ಎಂದವರು ತೊಡೆ ತಟ್ಟಿ ನಗತೊಡಗಿದರು. “ಅಂದ್ರ ಅಂವಾ ಆರ ತಿಂಗಳಾಗ ಒಂದೂ ಹಾರಿಸಿಲ್ಲ! ಮೂರ ಹಂದಿ ಅಂತ, ಮೂರ ಹಂದಿ! ಕಾರ್ಡ್ ಎಲ್ಲೈತಿ ತರ್ರಿ, ಇನ್ನೊಮ್ಮೆ ಓದೂನು!”

ನಗುತ್ತಲೇ ಗಜ ಇಳಿಸಿದರು. ಅದು ಮತ್ತೆ ನಿಂತಿತು. ಮಾವನ ನಗುವೂ ನಿಂತಿತು. ಈ ಸಲ ಬಂದದ್ದು ಹಸಿರು ಚೂರು. ಹಿಂದಿನ ವರ್ಷ ದೀಪಾವಳಿಗೆ ಹುಕ್ಕೇರಿಯಿಂದ ಮುದುಕಿ ತಂದ ಉಡಿ. ಅಂದರೆ ಹೋದ ಚಳಿಗಾಲದಲ್ಲಿ ಈ ಮನೆಯಲ್ಲೂ ಒಂದು ಗುಂಡೂ ಹಾರಿರಲಿಲ್ಲ. ಹಾರಿಸಿದ ಕತೆ ಹೇಳಿ ಹೇಳಿ ಇಬ್ಬರೂ ತಾವೇ ಅದನ್ನು ನಂಬಿ, ಹಳೆಯ ಉಡಿಯ ಮೇಲೇ ಹೊಸದು ತುಂಬಿದ್ದರು.

ಅತ್ತೆ ಆ ಚೂರನ್ನು ಎತ್ತಿಕೊಂಡು, ಹಿಂಡಿ, ಮಾವನ ಮುಂದೆ ಕಲ್ಲಿನ ಮೇಲೆ ಒಣಹಾಕಿದರು. “ಆಕಳ ಕರದಷ್ಟ ಇತ್ತಂತ” ಎಂದಷ್ಟೇ ಅಂದು ಒಳಗೆ ಹೋದರು.

ಮಾವ ನಳಿಗೆಗೆ ಎಣ್ಣೆ ತಿಕ್ಕತೊಡಗಿದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು:

“ವಯಸ್ಸಾಗೇತೋ ಇಕಿಗೆ. ಹಿಡೀತೀನಿ, ಗುರಿ ಇಡ್ತೀನಿ, ಎಲ್ಲಿ ಒಡದ ಹೋಗ್ತಾಳೋ ಅಂತ ಹಾರಿಸಾಕ ಕೈ ಬರಂಗಿಲ್ಲ.”

“ಮತ್ತ ಇವತ್ತ ಹಾರಸ್ತಿದ್ರಲ್ರಿ?”

“ನೀ ನಗ್ಯಾಡಿದೆಲ್ಲೋ.”

ನಾನು ನುಂಗಿದ್ದು ಒಂದು ಮಾತು, ಆಡಿದ್ದು ಒಂದು ಮಾತು. ಎರಡರ ನಡುವೆ ಅವರ ಮುಖ ಉಳಿದದ್ದೇ ದೊಡ್ಡದು.

ಆದರೆ ಕಾಕಾನ ಮುಖದ ಗತಿ? ಅವರನ್ನೂ ನಾಳೆ ಯಾರಾದರೂ ನಕ್ಕು ಕೆಣಕಬಹುದು. ಅವರಿಗೆ ತಿಳಿಸಲೇಬೇಕೆಂದು ಅತ್ತೆ ಹಟ ಹಿಡಿದರು. ತಿಳಿಸುವುದು ಹೇಗೆ? ನೀನು ಹಾರಿಸಿಲ್ಲ ಎಂದು ಬರೆದರೆ, ನಿನಗೆ ಹೇಗೆ ಗೊತ್ತಾಯಿತು, ನೀನು ಹಾರಿಸಿದ್ದೆಯಾ ಎಂದು ತಿರುಗಿ ಬರುತ್ತದೆ. ಎರಡು ದಿನ ಯೋಚಿಸಿ ಮಾವ ಕಾರ್ಡು ಬರೆಸಿದರು. ಬರೆದವನು ನಾನೇ. ಹಂದಿ ಒಂದೇ ಏಟಿಗೆ ಬಿತ್ತು, ಅಳಿಯ ಕಣ್ಣಾರೆ ಕಂಡಿದ್ದಾನೆ, ಹಂದಿ ಹೊಳೆಗೆ ಹೋಯಿತು. ಕೊನೆಗೆ ಎರಡು ಸಾಲು: ಮುದುಕಿಗೆ ಈಗೀಗ ಖಾರ ಒಗ್ಗುವುದಿಲ್ಲ. ಇನ್ನು ಮೇಲೆ ಎರಡೂ ಮನೆಯವರು ಉಡಿಗೆ ಬರೀ ಅಕ್ಕಿ ಹಾಕಿ ಕಳಿಸೋಣ.

ವಾರದೊಳಗೆ ಉತ್ತರ ಬಂತು. “ಆಗಲಿ. ಇಲ್ಲಿಯೂ ಹಾಗೇ ಅನಿಸಿತ್ತು.” ಹಂದಿಯ ಬಗ್ಗೆ ಒಂದಕ್ಷರ ಇರಲಿಲ್ಲ.

ಬೇಸಿಗೆಯ ರಜೆಗೆ ನಾನು ಮತ್ತೆ ಬಂದಿದ್ದಾಗ ಕಾಕಾ ತಾವೇ ಮುದುಕಿಯನ್ನು ಕರೆದೊಯ್ಯಲು ಬಂದರು. ಇಬ್ಬರೂ ಕಟ್ಟೆಯ ಮೇಲೆ ಅವಳನ್ನು ನಡುವೆ ಮಲಗಿಸಿಕೊಂಡು ಚಹಾ ಕುಡಿದರು. ಕಾಕಾ ತಮ್ಮ ಮೂರು ಹಂದಿಗಳನ್ನು ಒಂದೊಂದಾಗಿ ಹೊಡೆದರು. ಮಾವ ಒಂದು ಪ್ರಶ್ನೆಯನ್ನೂ ಕೇಳದೆ, ಪ್ರತಿ ಹಂದಿಗೂ “ಭಲೆ!” ಎಂದರು. ಆಮೇಲೆ ಮಾವ ತಮ್ಮದನ್ನು ಹೊಡೆದರು, ಕಾಕಾ “ಭಲೆ!” ಎಂದರು.

ನಳಿಗೆಯ ಬಾಯಿ ನಾನು ಕೂತ ಕಡೆಗೇ ಇತ್ತು. ಒಳಗೆ ಒಂದು ಹಿಡಿ ಅಕ್ಕಿ ಬಿಟ್ಟು ಬೇರೆ ಏನೂ ಇಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಂದು ಬೆಳಗ್ಗೆ ಅದನ್ನು ಸುರಿದವನೇ ನಾನು. ಆದರೂ ಮೆಲ್ಲಗೆ ಎದ್ದು ಹೋಗಿ ಅತ್ತೆಯ ಪಕ್ಕದಲ್ಲಿ, ಕಂಬದ ಮರೆಗೆ ಮುದುರಿ ಕೂತೆ.

“ಯಾಕೋ, ಬ್ಯಾಸಗ್ಯಾಗ ಥಂಡಿ ಹತ್ತಿತೇನು?” ಎಂದರು ಅತ್ತೆ.