ಹನುಮವ್ವನ ಪೂರಾ ನೂರು

ದಹಿಸರ್ ಸ್ಟೇಷನ್ನಿನಿಂದ ಪೂರ್ವಕ್ಕೆ ಹತ್ತು ನಿಮಿಷ ನಡೆದರೆ ಸಿಗುತ್ತಿದ್ದ ಒಂದು ಚಾಳಿನ ಮೂಲೆಯ ಖೋಲಿಯಲ್ಲಿ ಹನುಮವ್ವ ಖಾನಾವಳಿ ನಡೆಸುತ್ತಿದ್ದಳು. ಬೋರ್ಡಿಲ್ಲ, ಮೇಜಿಲ್ಲ. ಗೋಡೆಗೆ ಬೆನ್ನು ಹಚ್ಚಿ ಕೂತರೆ ಆರು ಮಂದಿ ಹಿಡಿಯುತ್ತಿದ್ದರು, ಏಳನೆಯವನು ಹೊಸ್ತಿಲ ಮೇಲೆ. ಉಣ್ಣುವವರು ಹೆಚ್ಚಿನಂಶ ಆಕೆಯ ಗಂಡ ಭೀಮರಾಯನ ಜೊತೆ ಬಿಲ್ಡಿಂಗ್ ಕೆಲಸಕ್ಕೆ ಹೋಗುತ್ತಿದ್ದ ವಿಜಾಪುರದ ಕಡೆಯವರು. ದಾದರಿನ ಆಫೀಸೊಂದರಲ್ಲಿ ಗುಮಾಸ್ತನಾಗಿದ್ದ ನಾನೊಬ್ಬ ಮಾತ್ರ ಇಸ್ತ್ರಿ ಅಂಗಿಯವನು. ಧಾರವಾಡ ಬಿಟ್ಟು ಬಂದ ಮೇಲೆ ಹೊಟ್ಟೆ ತುಂಬ ಜೋಳದ ರೊಟ್ಟಿ ಕಂಡದ್ದು ಅಲ್ಲೇ.

ಖಾನಾವಳಿಗೆ ಬೇಕಾದ ಜೋಳ, ಶೇಂಗಾ, ಬೆಲ್ಲ, ಸೀಮೆಎಣ್ಣೆ ಎಲ್ಲವೂ ಎದುರಿನ ಮೋನಪ್ಪನ ಅಂಗಡಿಯಿಂದ ಉದ್ರಿ ಬರುತ್ತಿತ್ತು. ಮೋನಪ್ಪ ಉಡುಪಿ ಕಡೆಯವರು, ಮೆತ್ತಗಿನ ಮನುಷ್ಯ. ಲೆಕ್ಕ ಮಾತ್ರ ಹೆಂಡತಿ ಶೀಲಾವತಿಯ ಕೈಯಲ್ಲಿ. ಆಕೆ ಪ್ರತಿ ಗಿರಾಕಿಗೂ ಒಂದು ದಪ್ಪ ಕಾಗದದ ಕಾರ್ಡು ಮಾಡಿ, ತಲೆಯ ಮೇಲೆ ಕೆಂಪು ಶಾಯಿಯಲ್ಲಿ ಸಾಲದ ಲಿಮಿಟ್ ಬರೆದಿದ್ದರು. ಅದನ್ನು ಮೀರಿ ಒಂದು ಕಡ್ಡಿಪೆಟ್ಟಿಗೆಯೂ ಸಿಗುತ್ತಿರಲಿಲ್ಲ. ಹನುಮವ್ವನ ಕಾರ್ಡಿನಲ್ಲಿ ತೊಂಬತ್ತಮೂರು ಎಂದಿತ್ತು. ಆಕೆ ಮೊದಲ ಸಲ ತಂದ ಸಾಮಾನಿನ ಬೆಲೆ ಅಷ್ಟಾಗಿತ್ತು. ಅದೇ ಲಿಮಿಟ್ ಆಗಿ ನಿಂತುಬಿಟ್ಟಿತ್ತು.

ಹನುಮವ್ವನಿಗೆ ಓದು ಬರುತ್ತಿರಲಿಲ್ಲ, ಲೆಕ್ಕ ಬರುತ್ತಿತ್ತು. ಒಂದು ರೂಪಾಯಿ ಸಾಮಾನು ತಂದರೆ ಒಂದು ಹುಣಸೆಬೀಜ ಗಡಿಗೆಗೆ ಹಾಕುವಳು. ರೊಕ್ಕ ಕೊಟ್ಟರೆ ಅಷ್ಟು ಬೀಜ ತೆಗೆಯುವಳು. ಒಂದು ಸಂಜೆ ಬೀಜಗಳನ್ನು ನೆಲದ ಮೇಲೆ ಹತ್ತು ಹತ್ತರ ಗುಂಪು ಮಾಡಿಕೊಂಡು ಕೂತಿದ್ದಳು.

"ನೋಡು ತಮ್ಮಾ, ಲಿಮಿಟ್ ತುಂಬಿದಾಗೆಲ್ಲಾ ಒಂಬತ್ತು ಗುಂಪು ಆದ ಮ್ಯಾಲೆ ಮೂರು ಬೀಜ ಉಳೀತಾವು. ತಂದಿ ತಾಯಿ ಇಲ್ಲದ ಮಕ್ಕಳಂಗ ಕುಂದರ್ತಾವು. ಇದೆಂಥಾ ಲಿಮಿಟ್ಟೋ! ಪೂರಾ ನೂರಾದ್ರ ಹತ್ತು ಗುಂಪು, ಕಣ್ಣಾಗ ಕಾಣಸ್ತೈತಿ."

"ಹಂಗಾದ್ರ ಶೀಲಾವತಿಯವರನ್ನ ಕೇಳಕ್ಕಾ," ಎಂದೆ.

ಮರುದಿನ ಕೇಳಿಯೇಬಿಟ್ಟಳು. ಜೊತೆಗೆ ನಾನೂ ಇದ್ದೆ. ಶೀಲಾವತಿ ಕನ್ನಡಕ ಸರಿಮಾಡಿಕೊಂಡು ಕಾರ್ಡು ನೋಡಿದರು.

"ಏರಿಸ್ಲಿಕ್ಕೆ ನನಗೆಂತ ಕಷ್ಟ ಹನುಮವ್ವ? ಆದ್ರೆ ಎರಡು ವರ್ಷದಲ್ಲಿ ಒಮ್ಮೆಯೂ ನಿಮ್ಮ ಬಾಕಿ ಸೊನ್ನೆ ಆದದ್ದಿಲ್ಲ. ಈಗ ಎಂಬತ್ತೆಂಟು ಉಂಟು. ಒಂದೇ ಒಂದು ಸಲ ಪೂರ್ತಿ ಚುಕ್ತಾ ಮಾಡಿ, ಆಗ ನೋಡುವ."

"ಎಂಬತ್ತೆಂಟು ಒಮ್ಮೆಗೇ? ಎಲ್ಲಿಂದ ತರ್ಲಿ ಅಕ್ಕಾವ್ರ?" ಎಂದಳು ಹನುಮವ್ವ. ಆದರೂ ಮುಖ ಸಣ್ಣಗಾಗಲಿಲ್ಲ. "ಆತು ಬಿಡ್ರಿ, ಆ ದಾರೀನೂ ನೋಡೂಣು," ಎಂದು ರೊಕ್ಕ ಕೊಟ್ಟೇ ಅರ್ಧ ಸೇರು ಶೇಂಗಾ ಕಟ್ಟಿಸಿಕೊಂಡು ಬಂದಳು.

ದಾರಿ ಸಿಕ್ಕಿದ್ದು ಮಾಟುಂಗದಲ್ಲಿ. ಅದು ಎಪ್ಪತ್ಮೂರನೆಯ ಇಸವಿ. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ನವೆಂಬರ್ ತಿಂಗಳು. ನಾನು ಸದಸ್ಯನಾಗಿದ್ದ ಕನ್ನಡ ಸಂಘದಲ್ಲಿ ಆ ಸಂತೋಷಕ್ಕೆ ಭಾನುವಾರದ ಊಟ ಎಂದು ನಿರ್ಧಾರವಾಯಿತು. ಎಲ್ಲ ಸೀಮೆಯ ಅಡುಗೆಯೂ ಇರಬೇಕು ಎಂದರು. ಇಡ್ಲಿ, ಕಡುಬು, ಪಾಯಸಕ್ಕೆ ಮಾಟುಂಗದಲ್ಲಿ ಕೈಗಳಿಗೆ ಬರವೇ? ಜೋಳದ ರೊಟ್ಟಿ ಬಡಿಯುವವರು ಮಾತ್ರ ಯಾರೂ ಇರಲಿಲ್ಲ. ನಾನು ಎದ್ದು ನಿಂತು ಹನುಮವ್ವನ ಹೆಸರು ಹೇಳಿದೆ. ನಾನೂರು ಕಡಕ್ ರೊಟ್ಟಿ, ಮೇಲೆ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಒಟ್ಟು ನೂರ ಅರವತ್ತು ರೂಪಾಯಿ. ನಲವತ್ತು ಮುಂಗಡ.

ಸುದ್ದಿ ಕೇಳಿ ಹನುಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮರುಗಳಿಗೆಗೇ ಎದ್ದು, "ಚಂದ್ರವ್ವಾ! ಶರಣವ್ವಾ! ಕೊಡದ ನೀರು ಆಮ್ಯಾಲೆ, ಇಲ್ಲಿ ಬರ್ರೇ!" ಎಂದು ಪಕ್ಕದ ಖೋಲಿಯವರನ್ನು ಕೂಗಿದಳು. ಮುಂಗಡದಲ್ಲಿ ಜೋಳ ಬಂತು. ಮೂರು ದಿನ ಮೂರು ಒಲೆ, ಮೂವರು ಹೆಂಗಸರು. ಪಟಪಟ ಬಡಿಯುವ ಸದ್ದಿಗೆ ಚಾಳಿನ ಮರಾಠಿ ಮಂದಿಯೂ ಬಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಬಡಿಯುತ್ತ ಬಡಿಯುತ್ತ ಚಂದ್ರವ್ವ ಊರಿನ ಕಣದಲ್ಲಿ ಹಾಡುವ ಹಂತಿ ಪದ ಎತ್ತಿದರೆ ಉಳಿದಿಬ್ಬರು ದನಿ ಕೂಡಿಸುವರು. ಭೀಮರಾಯ ಕೆಲಸದಿಂದ ಬಂದವನು ಒಣಗಿದ ರೊಟ್ಟಿಗಳನ್ನು ಐವತ್ತೈವತ್ತರಂತೆ ಬಿಳಿ ಧೋತರದಲ್ಲಿ ಕಟ್ಟಿದ.

ಭಾನುವಾರ ಬೆಳಿಗ್ಗೆ ಹನುಮವ್ವ, ಭೀಮರಾಯ, ನಾನು ಮೂವರೂ ಎಂಟು ಗಂಟು ಹೊತ್ತು ಲೋಕಲ್‌ನ ಸಾಮಾನಿನ ಡಬ್ಬಿ ಹತ್ತಿದೆವು. ಅಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮೀನುಗಾರ ಕೋಲಿಯರ ಹೆಂಗಸೊಬ್ಬಳು, "ಕಾಯ್ ಆಹೆ ಗ ಬಾಯಿ?" ಎಂದು ಗಂಟಿನಲ್ಲೇನೆಂದು ಕೇಳಿದಳು.

"ಭಾಕರಿ! ಧಕ್ಕಾ ನಕೋ, ಮೋಡತೇ!" ಎಂದಳು ಹನುಮವ್ವ, ತನಗೆ ಬರುತ್ತಿದ್ದ ಅಷ್ಟೂ ಮರಾಠಿ ಒಟ್ಟುಮಾಡಿ, ರೊಟ್ಟಿ ಇವೆ, ದಬ್ಬಿದರೆ ಮುರಿಯುತ್ತವೆ ಎಂದು. ಆ ಹೆಂಗಸು ಬುಟ್ಟಿಯನ್ನು ಕಾಲಿನಿಂದ ಆಚೆ ತಳ್ಳಿ, ಎರಡು ಗಂಟು ತನ್ನ ತೊಡೆಯ ಮೇಲಿಟ್ಟುಕೊಂಡಳು. ದಾದರ್ ಬರುವವರೆಗೆ ಡಬ್ಬಿಯಲ್ಲಿ ಯಾರನ್ನೂ ಹತ್ತಿರ ಬರಗೊಡಲಿಲ್ಲ. ಇಳಿಯುವಾಗ ಹನುಮವ್ವ ಅವಳ ಕೈಗೆ ಎರಡು ರೊಟ್ಟಿ, ಒಂದು ಮುಷ್ಟಿ ಹಿಂಡಿ ಕೊಟ್ಟಳು. ದಾದರಿನ ಸೇತುವೆ ದಾಟಿ, ಇನ್ನೊಂದು ಗಾಡಿ ಹಿಡಿದು ಮಾಟುಂಗ ಮುಟ್ಟಿದಾಗ ಮುರಿದದ್ದು ಹನ್ನೊಂದೇ ರೊಟ್ಟಿ.

ಮಧ್ಯಾಹ್ನ ಪಂಕ್ತಿಯಲ್ಲಿ ಮಂಗಳೂರಿನ ಒಬ್ಬ ಹಿರಿಯರು ರೊಟ್ಟಿಯನ್ನು ಹಪ್ಪಳವೆಂದುಕೊಂಡು ಮುರಿದರು. ಹಿಂಡಿಯ ಮೇಲೆ ಮೊಸರು ಹಾಕಿಕೊಳ್ಳಲು ಹನುಮವ್ವನೇ ಹೋಗಿ ತೋರಿಸಿದಳು. ಅವರು ನಾಲ್ಕು ತಿಂದರು. ಎರಡನೆಯ ಪಂಕ್ತಿ ಏಳುವ ಮೊದಲೇ ಗಂಟುಗಳೆಲ್ಲ ಖಾಲಿ. ಸಂಘದವರು ಆಕೆಯನ್ನು ಕರೆದು ನಿಲ್ಲಿಸಿ ಚಪ್ಪಾಳೆ ತಟ್ಟಿದಾಗ ಎಲ್ಲಿ ನೋಡಬೇಕೋ ತಿಳಿಯದೆ ಭೀಮರಾಯನನ್ನು ನೋಡಿ ನಕ್ಕಳು.

ಸೋಮವಾರ ಚಂದ್ರವ್ವ, ಶರಣವ್ವರ ಪಾಲು ಹತ್ತತ್ತು ರೂಪಾಯಿ ಕೊಟ್ಟಾದ ಮೇಲೆ, ಎಂಬತ್ತೆಂಟು ರೂಪಾಯಿ ಎಣಿಸಿ ಶೀಲಾವತಿಯ ಮುಂದಿಟ್ಟಳು. ಶೀಲಾವತಿ ಎರಡು ಸಲ ಎಣಿಸಿ, ಬಾಕಿಗೆ ಗೆರೆ ಹೊಡೆದು, ಕೆಂಪು ಶಾಯಿಯ ಲೇಖನಿ ಎತ್ತಿಕೊಂಡರು. ಅಷ್ಟರಲ್ಲಿ ಮೋನಪ್ಪ ಒಳಗಿಂದ, "ನೂರು ಬೇಡ ಮಾರಾಯ್ತಿ, ಕೊನೆಯಲ್ಲಿ ಸೊನ್ನೆ ಬರ್ಬಾರ್ದು. ನೂರ ಒಂದು ಬರಿ, ಒಳ್ಳೇದು," ಎಂದರು.

"ಅಯ್ಯ ಯಣ್ಣಾ, ಬ್ಯಾಡ್ರಿ!" ಹನುಮವ್ವ ಗಾಬರಿಯಾದಳು. "ಮತ್ತೊಂದು ಬೀಜ ಒಂಟಿ ಆಕ್ಕೈತಿ! ಪೂರಾ ನೂರು ಬರೀರಿ, ನಿಮ್ಮ ಪುಣ್ಯಾ."

"ಬೀಜ ಎಂತದ್ದು?" ಶೀಲಾವತಿಗೆ ಅರ್ಥವಾಗಲಿಲ್ಲ. ನಾನು ಹುಣಸೆಬೀಜದ ಲೆಕ್ಕ ವಿವರಿಸಿದೆ. ಎರಡು ವರ್ಷದಿಂದ ಒಂದು ರೂಪಾಯಿಯೂ ತಪ್ಪದೆ ಹನುಮವ್ವ ಬಾಕಿ ಹೇಳುತ್ತಿದ್ದುದು ಹೇಗೆಂದು ಅವರಿಗೆ ಆಗ ತಿಳಿಯಿತು. ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕಾರ್ಡಿನ ಮೇಲೆ ನೂರು ಎಂದು ದೊಡ್ಡದಾಗಿ ಬರೆದರು. ಗಂಡನ ಸಮಾಧಾನಕ್ಕೆ ಆ ಒಂದು ರೂಪಾಯಿಯ ಬೆಲ್ಲ ಕಟ್ಟಿ, "ಇದು ಕಾರ್ಡಿಗಲ್ಲ, ನಿಮ್ಮ ಬಾಯಿಗೆ," ಎಂದು ಕೈಗಿತ್ತರು.

"ಹಂಗಾದ್ರ ಬರೂ ಐತವಾರ ನೀವಿಬ್ರೂ ನಮ್ಮಲ್ಲೇ ಉಣ್ಣಾಕ ಬರ್ಬೇಕು," ಎಂದಳು ಹನುಮವ್ವ.

ಬಂದರು. ಭಾನುವಾರ ಉಂಡಾದ ಮೇಲೆ ಶೀಲಾವತಿ ತಾನೂ ಒಂದು ರೊಟ್ಟಿ ಬಡಿಯುತ್ತೇನೆಂದು ಒಲೆಯ ಮುಂದೆ ಕೂತರು. ಹಿಟ್ಟು ಒಂದು ಕಡೆ ಹರಿಯಿತು, ಇನ್ನೊಂದು ಕಡೆ ಉಬ್ಬಿತು, ಹಂಚಿಗೆ ಹಾಕುವಾಗ ಮಡಚಿಕೊಂಡಿತು. ಬಂದದ್ದನ್ನು ಭೀಮರಾಯನ ತಾಟಿಗೆ ಹಾಕಿದರು. ಅವನು ತಿರುಗಿಸಿ ಮುರುಗಿಸಿ ನೋಡಿ, ಗಂಭೀರವಾಗಿ ಒಂದು ತುಂಡು ಬಾಯಿಗಿಟ್ಟು, "ರುಚಿ ಐತ್ರಿ ಅಕ್ಕಾವ್ರ, ಇನ್ನೊಂದು ಹಾಕ್ರಿ," ಎಂದ. ಹನುಮವ್ವ ಹೊಟ್ಟೆ ಹಿಡಿದುಕೊಂಡು ನಗುತ್ತ ಇನ್ನೊಂದು ಉಂಡೆ ಹಿಟ್ಟು ನಾದಿ ಶೀಲಾವತಿಯ ಮುಂದಿಟ್ಟಳು.